ಲಗತ್ತು

ತಾಲ್ಲೂಕು ಕಚೇರಿಯೆದುರು, ಝೆರಾಕ್ಸ್ ಅಂಗಡಿಯ ಸಜ್ಜದ ಕೆಳಗೆ
ಒಂದು ಸ್ಟೂಲು, ಒಂದು ರಟ್ಟು, ಎರಡು ಪೆನ್ನು.
ಮೂವತ್ತೊಂದು ವರ್ಷ ತೀರ್ಥಹಳ್ಳಿಯ ದುಃಖಗಳನ್ನೆಲ್ಲ
ನಾನೇ ‘ಮಾನ್ಯರೇ’ ಎಂದು ಶುರುಮಾಡಿಕೊಟ್ಟಿದ್ದೇನೆ.
ಬಗರ್‌ಹುಕುಂ, ಪಹಣಿ ತಿದ್ದುಪಡಿ, ಒತ್ತಿಬಂದ ಬೇಲಿ,
ಸತ್ತವನ ಹೆಸರನ್ನು ರೇಷನ್ ಕಾರ್ಡಿನಿಂದ ಇಳಿಸುವುದು,
ಎಲ್ಲದಕ್ಕೂ ನನ್ನಲ್ಲೊಂದು ನಮೂನೆ ಇದೆ.

ಇದಕ್ಕೆ ಇರಲಿಲ್ಲ.

ಜುಲೇಖಾಬಿ ಬಂದಳು, ಹುಣಸೆಕೊಡಿಗೆ ತಿರುವಿನಲ್ಲಿ
ಬೇಯಿಸಿದ ಜೋಳದ ತೆನೆ ಮಾರುವವಳು; ಜೊತೆಗೆ
ಖಾಕಿಯ ಮೇಲಿನ ಗುಂಡಿ ಬಿಚ್ಚಿಕೊಂಡ ಡ್ರೈವರ್ ಚೌಡಪ್ಪ,
ಕನ್ನಡ ಶಾಲೆಯ ಲಿಲ್ಲಿ ಟೀಚರ್.
“ಬೋರ್ಡು ತೆಗೆಸ್ಬೇಕು, ಬರೀರಿ.”
ಬೋರ್ಡಿನಿಂದ ಏನಾಗಿದೆ?
ಮೂವರೂ ಮುಖ ಮುಖ ನೋಡಿಕೊಂಡರು.
“ಗುಡ್ಡ ಕಾಣೋದಿಲ್ಲ.”

ಪೆನ್ನು ಅಲ್ಲೇ ನಿಂತಿತು.
ನಷ್ಟದ ಮೊಬಲಗು? ಗೊತ್ತಿಲ್ಲ.
ಸರ್ವೆ ನಂಬರು? ಗುಡ್ಡಕ್ಕಿದೆ, ಅರಣ್ಯದ್ದು.
ಬೋರ್ಡು ನಿಂತ ಜಾಗಕ್ಕಿದೆ, ಈರಪ್ಪಗೌಡರದ್ದು.
ನಡುವಿನದಕ್ಕೆ,
ಕಣ್ಣಿಗೂ ಕರಡಿಬೆನ್ನು ಗುಡ್ಡಕ್ಕೂ ನಡುವೆ ಇರುವ ಅಷ್ಟು ಗಾಳಿಗೆ
ಯಾವ ಪಹಣಿಯಲ್ಲೂ ಕಾಲಮ್ಮಿಲ್ಲ.

ಅರ್ಜಿದಾರರಿಗೂ ಗುಡ್ಡಕ್ಕೂ ಏನು ಸಂಬಂಧ?
ಚೌಡಪ್ಪ ತಲೆ ಕೆರೆದುಕೊಂಡ:
“ಬೆಳಗಿನ ಗಾಡಿ. ಎಲ್ಲ ತೂಕಡಿಸ್ತಿರ್ತಾರೆ.
ಆ ತಿರುವು ಬಂತು ಅಂದ್ರೆ ಯಾರೂ ಎಬ್ಬಿಸದೆ
ಎಚ್ಚರಾಗಿ ಎಡಕ್ಕೆ ನೋಡೋರು. ಕನ್ನಡೀಲಿ ಕಾಣ್ತಿತ್ತು ನಂಗೆ,
ಅಷ್ಟೂ ಜನ, ಒಂದೇ ಕಡೆ, ಗದ್ದೇಲಿ ಪೈರು ವಾಲ್ದಂಗೆ.
ಈಗ ಏಳೋದಿಲ್ಲ.”

ಭಾನುವಾರ ಹೋಗಿ ನೋಡಿದೆ.
ನಲವತ್ತಡಿ ಅಗಲ, ಇಪ್ಪತ್ತಡಿ ಎತ್ತರ.
‘ಮುಗಿಲ್ ವಿಲ್ಲಾಸ್: ನಿಮ್ಮದೇ ಒಂದು ನೋಟ.’
ಚಿತ್ರ ಯಾವುದು ಅಂತೀರಿ? ಕರಡಿಬೆನ್ನೇ.
ಅದೇ ತಿರುವಿನಲ್ಲಿ ನಿಂತು ತೆಗೆದದ್ದು.
ಕರೆಂಟಿನ ತಂತಿ ಅಳಿಸಿ,
ಹಿಂದಿನ ಬೇಸಿಗೆ ಸುಟ್ಟ ಕಪ್ಪು ಕಲೆಗೆ ಹಸಿರು ತುಂಬಿ,
ನೆತ್ತಿಯ ಮೇಲೊಂದು ಈಜುಕೊಳ ಇಟ್ಟು,
ಗುಡ್ಡದ ಮುಂದೆ ಗುಡ್ಡವನ್ನೇ ಇಳಿಬಿಟ್ಟಿದ್ದರು.

ಬುಧವಾರ ಈರಪ್ಪಗೌಡರೂ ಬಂದರು, ಇದೇ ಸ್ಟೂಲಿಗೆ,
ತಕರಾರು ಅರ್ಜಿ ಬರೆಸಲು.
“ನನ್ನ ಜಾಗದಲ್ಲಿ ನಿಂತೇ ನೋಡಿದ್ರಲ್ಲ ಇಷ್ಟು ವರ್ಷ?
ಉಚ್ಚೆ ಹೊಯ್ದರು, ಬಾಟ್ಲಿ ಒಡೆದರು, ಸೆಲ್ಫಿ ಹೊಡ್ಕಂಡರು.
ಒಬ್ಬ ಒಂದು ರೂಪಾಯಿ ಕೊಟ್ಟಿದಾನಾ?
ಬೋರ್ಡಿನವ ತಿಂಗಳಿಗೆ ಎಂಟು ಸಾವಿರ ಕೊಡ್ತಾನೆ.
ಮಗಳಿಗೆ ವಾರಕ್ಕೆರಡು ಡಯಾಲಿಸಿಸ್ಸು. ಬರಿ.”
ಬರೆದೆ. ಚೆನ್ನಾಗಿಯೇ ಬರೆದೆ.
ಅವರಿಂದಲೂ ಅರವತ್ತು, ಇವರಿಂದಲೂ ಅರವತ್ತು.
ಮೆಟ್ಟಿಲಿಳಿದವರು ತಿರುಗಿ ಬಂದು, ದನಿ ತಗ್ಗಿಸಿ,
“ನಮ್ಮ ಜಗುಲಿಯಿಂದಲೂ ಕಾಣಂಗಿಲ್ಲ ಈಗ,” ಎಂದರು.
“ಅದನ್ನ ಬರೀಬೇಡ.”

ಇನ್ನೂರ ಹದಿನಾಲ್ಕು ಸಹಿ, ಮೂವತ್ತು ಹೆಬ್ಬೆಟ್ಟು.
ಉತ್ತರ ಬಂತು: ಪರಿಶೀಲನೆಯಲ್ಲಿದೆ.
ಆಷಾಢದ ಗಾಳಿ ಫ್ಲೆಕ್ಸಿನ ಒಂದು ಮೂಲೆ ಕಿತ್ತು
ಹರಕಿನಲ್ಲಿ ಮೊಳದುದ್ದ ಗುಡ್ಡ ಕಂಡಿತಂತೆ.
ಆ ಎರಡು ದಿನ ಚೌಡಪ್ಪ ಅಲ್ಲಿ ಗೇರು ಇಳಿಸಿ ನಿಧಾನ ಹೋದ.
ಮೂರನೇ ದಿನ ಹುಡುಗರಿಬ್ಬರು ಹಗ್ಗ ತಂದು
ಹೊಲಿದು ಹೋದರು.

ಇವತ್ತು ಮೂರನೆಯ ನೆನಪೋಲೆ.
‘ವಿಷಯ’ ಎಂಬಲ್ಲಿ ಬಹಳ ಹೊತ್ತು ತಡವರಿಸಿ
‘ಕಾಣುವುದರ ಬಗ್ಗೆ’ ಎಂದಷ್ಟೇ ಬರೆದೆ.
ಕೊನೆಗೆ ಲಗತ್ತು. ಅರ್ಜಿ ಬರಿಗೈಯಲ್ಲಿ ಹೋಗಬಾರದು,
ನಮ್ಮ ಕಸುಬಿನ ಮಾತು.
ಆಧಾರ್ ನಕಲು, ಹದಿನೇಳು.
ಸ್ವೀಕೃತಿ ಚೀಟಿ, ಎರಡು.
ಗುಡ್ಡ, ಒಂದು. ಝೆರಾಕ್ಸಿಗೆ ಬಾರದ್ದರಿಂದ ಇಟ್ಟಿಲ್ಲ.
ಮೂಲ ಪ್ರತಿ ಬೋರ್ಡಿನ ಹಿಂದಿದೆ.
ತಾವು ಏಳೂಕಾಲರ ಬಸ್ಸಿನಲ್ಲಿ
ಎಡಗಡೆ ಸೀಟಿನಲ್ಲಿ ಕೂತು ಖುದ್ದು ನೋಡುವುದು.